ನರ್ವ್ ಮತ್ತು ನರ: ಒಂದು ಶಬ್ದದ ಚರಿತ್ರೆ

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಕಲಿಸುವುದಕ್ಕೆ ಎದುರಾಗಿ ಗಡಿನಾಡಿನಲ್ಲಿ ಆಗಾಗ ಕೇಳಿಬರುವ ಆಕ್ಷೇಪವೊಂದುಂಟು. ನಮ್ಮ ಮಾತುಗಳಿಗೆ ಖಚಿತತೆ ಸಾಲದು, ಒಂದೊಂದು ಮಾತಿಗೆ ಮೂರು ನಾಲ್ಕು ಅರ್ಥ. ಇಂಗ್ಲಿಷಿನಲ್ಲಾದರೋ ಒಂದು ವಸ್ತುವಿಗೆ ಒಂದೇ ಹೆಸರು ಎಂಬುದು ಅದರ ಸಾರ. ಇದಕ್ಕೆ ಸುಲಭವಾಗಿ ಸಿಗುವ ನಿದರ್ಶನ ‘ನರ’. ವಯಸ್ಸಾದವರು ‘ಕಾಲಿನ ನರ ಉಬ್ಬಿದೆ’ ಎಂದರೆ ಅದು ರಕ್ತನಾಳ. ಹೊರೆ ಹೊತ್ತವನು ‘ನರ ಎಳೆದುಕೊಂಡಿದೆ’ ಎಂದರೆ ಅದು ಮಾಂಸಖಂಡವನ್ನು ಎಲುಬಿಗೆ ಬಿಗಿದ ಹುರಿ. ವೈದ್ಯರು ‘ನರಗಳ ದೌರ್ಬಲ್ಯ’ ಎಂದರೆ ಅದು ಮಿದುಳಿಗೂ ಅಂಗಗಳಿಗೂ ನಡುವೆ ಸುದ್ದಿ ಸಾಗಿಸುವ ತಂತು. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂದು ತಂದೆತಾಯಿಗಳು ಯೋಚಿಸುವಾಗ ಇಂತಹ ಆಕ್ಷೇಪ ತೂಕಕ್ಕೆ ಬರುತ್ತದೆ. ಕನ್ನಡ ವಿಭಾಗಗಳ ಅಳಿವು ಉಳಿವು ಅಂತಹ ಯೋಚನೆಗಳ ಮೇಲೆ ನಿಂತಿದೆ. ಆದುದರಿಂದ ಇಂಗ್ಲಿಷಿನ ‘ನರ್ವ್’ ಎಂಬ ಮಾತು ನಡೆದುಬಂದ ದಾರಿಯನ್ನು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

‘ನರ್ವ್’ ಲ್ಯಾಟಿನ್ ಭಾಷೆಯ ‘ನೆರ್ವುಸ್’ ಎಂಬುದರಿಂದ ಬಂದುದು. ಗ್ರೀಕಿನ ‘ನ್ಯೂರೋನ್’ ಅದರ ದಾಯಾದಿ. ಎರಡಕ್ಕೂ ಮೂಲಾರ್ಥ ಮಿದುಳಿನ ತಂತುವಲ್ಲ, ಪ್ರಾಣಿದೇಹದ ಗಟ್ಟಿ ಹುರಿ. ಅದರಿಂದಲೇ ಬಿಲ್ಲಿನ ಹೆದೆಗೂ ವಾದ್ಯದ ತಂತಿಗೂ ಆ ಹೆಸರು ಸಂದಿತು. ಹುರಿ ಬಲವಾದುದಾದ್ದರಿಂದ ಬಲಕ್ಕೂ ಅದೇ ಮಾತು: ಮಿತಿಯಿಲ್ಲದ ಹಣವೇ ಯುದ್ಧದ ‘ನೆರ್ವುಸ್’ ಎಂದು ರೋಮಿನ ವಾಗ್ಮಿ ಸಿಸೆರೋ ತನ್ನ ಭಾಷಣವೊಂದರಲ್ಲಿ ಹೇಳಿದ್ದಾನೆ. ಇವುಗಳೆಲ್ಲ ಹೃದಯದಿಂದ ಹೊರಡುತ್ತವೆಂದು ಅರಿಸ್ಟಾಟಲನು (ಕ್ರಿ. ಪೂ. 384-322) ತಿಳಿದಿದ್ದನು. ಹುರಿಗೂ ತಂತುವಿಗೂ ಭೇದವನ್ನು ಕಂಡವರು ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರೊಫಿಲಸ್ ಮತ್ತು ಎರಸಿಸ್ಟ್ರಾಟಸ್. ಶವಗಳನ್ನು ಛೇದಿಸಿ ನೋಡಿ, ಕೆಲವು ‘ನ್ಯೂರೋನ್’ಗಳು ಮಿದುಳು ಮತ್ತು ಬೆನ್ನುಹುರಿಗಳಿಗೆ ಸೇರಿದವೆಂದೂ, ಅರಿವು ಮತ್ತು ಚಲನೆಗಳು ಅವುಗಳ ಕೆಲಸವೆಂದೂ ಅವರು ಗುರುತಿಸಿದರು. ಕ್ರಿ. ಶ. 2ನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಹಂದಿಯ ಕೊರಳಿನ ಸಣ್ಣ ತಂತುವೊಂದನ್ನು ಕಟ್ಟಿ ಅದರ ಕೂಗು ನಿಂತುಹೋಗುವುದನ್ನು ರೋಮಿನಲ್ಲಿ ಜನರೆದುರಿಗೆ ತೋರಿಸಿಕೊಟ್ಟನು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಸ ಸಂಗತಿ ತಿಳಿದುಬಂದಾಗ ಈ ಪಂಡಿತರು ಹಳೆಯ ಮಾತನ್ನು ಹೊರಗಟ್ಟಲಿಲ್ಲ. ಬಿಲ್ಲಿನ ಹೆದೆಯ ಹೆಸರನ್ನೇ ಮಿದುಳಿನ ತಂತುವಿಗೂ ಉಳಿಸಿಕೊಂಡರು. ಹಳೆಯ ಅರ್ಥವೂ ಸಾಯಲಿಲ್ಲ: ಮಾಂಸಖಂಡವನ್ನು ಬಿಗಿಯುವ ಅಗಲವಾದ ಬಿಳಿಯ ಹಾಳೆಗೆ ಇಂದಿಗೂ ವೈದ್ಯಶಾಸ್ತ್ರ ‘ಅಪೋನ್ಯೂರೋಸಿಸ್’ ಎನ್ನುತ್ತದೆ. ಅದರಲ್ಲಿರುವ ‘ನ್ಯೂರೋ’ ಮಿದುಳಿನದಲ್ಲ, ಹುರಿಯದು.

ಇಂಗ್ಲಿಷಿಗೆ ಈ ಮಾತು ಬಂದುದು ಮಧ್ಯಯುಗದ ಕೊನೆಯಲ್ಲಿ; ಬರುವಾಗಲೇ ಎರಡು ಅರ್ಥಗಳನ್ನೂ ಹೊತ್ತು ಬಂದಿತು. ಸುಮಾರು 1600ರಲ್ಲಿ ರಚಿತವಾದ ‘ಹ್ಯಾಮ್ಲೆಟ್’ ನಾಟಕದಲ್ಲಿ ನಾಯಕನು ತನ್ನ ಮೈಯ ಬಲವನ್ನು ನೆಮಿಯಾದ ಸಿಂಹದ ‘ನರ್ವ್’ಗೆ ಹೋಲಿಸುತ್ತಾನೆ, ಅಲ್ಲಿಯದು ಹುರಿಯೇ. 1664ರಲ್ಲಿ ಥಾಮಸ್ ವಿಲ್ಲಿಸ್ ಮಿದುಳಿನ ರಚನೆಯನ್ನು ಕುರಿತು ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ‘ನ್ಯೂರಾಲಜಿ’ ಎಂಬ ಮಾತು ಅವನಿಂದ ಬಂದುದು. 1733ರಲ್ಲಿ ಜಾರ್ಜ್ ಚೇನಿ ‘ದಿ ಇಂಗ್ಲಿಷ್ ಮ್ಯಾಲಡಿ’ ಎಂಬ ಪುಸ್ತಕದಲ್ಲಿ ನರಗಳ ರೋಗಗಳನ್ನು ತನ್ನ ನಾಡಿನ ವಿಶೇಷ ರೋಗವೆಂದೇ ವರ್ಣಿಸಿದನು.

ಇದರ ಪರಿಣಾಮ ಸ್ಯಾಮ್ಯುಯೆಲ್ ಜಾನ್‌ಸನ್ನನ 1755ರ ನಿಘಂಟಿನಲ್ಲಿ ಕಾಣುತ್ತದೆ. ‘ನರ್ವ್’ ಎಂದರೆ ಮಿದುಳಿನಿಂದ ಹೊರಟ ಅರಿವಿನ ಅಂಗವೆಂದು ಮೊದಲು ಹೇಳಿ, ಕವಿಗಳು ಅದನ್ನು ಹುರಿಯೆಂಬರ್ಥದಲ್ಲಿ ಬಳಸುವರೆಂದು ಅವನು ಸೇರಿಸುತ್ತಾನೆ. ‘ನರ್ವಸ್’ ಎಂಬಲ್ಲಿಯಂತೂ ಮೊದಲ ಅರ್ಥ ಬಲಿಷ್ಠ, ಕಸುವುಳ್ಳ ಎಂದು. ಕೊನೆಯ ಅರ್ಥ ನರಗಳು ದುರ್ಬಲವಾದವನು ಎಂದು. ಇದು ವೈದ್ಯರ ಆಡುಮಾತೆಂಬ ಟಿಪ್ಪಣಿಯನ್ನೂ ಹಾಕಿದ್ದಾನೆ. ಬಲಶಾಲಿಗೂ ಬಲಹೀನನಿಗೂ ಒಂದೇ ನಿಘಂಟಿನಲ್ಲಿ ಒಂದೇ ಮಾತು! ಬರವಣಿಗೆಯ ಶೈಲಿ ‘ನರ್ವಸ್’ ಎಂದರೆ ಅಂದು ಅದು ಹೊಗಳಿಕೆ. ಇಂದು ಪರೀಕ್ಷೆಯ ಕೊಠಡಿಯಲ್ಲಿ ನಡುಗುವ ಹುಡುಗನಿಗೆ ಉಳಿದಿರುವುದು ವೈದ್ಯರ ಆ ಆಡುಮಾತು ಮಾತ್ರ.

ಶಾಸ್ತ್ರವಾದರೋ ತನ್ನ ದಾರಿಯಲ್ಲಿ ಮುಂದುವರಿಯಿತು. ಕಪ್ಪೆಯ ಕಾಲಿನ ನರಕ್ಕೂ ವಿದ್ಯುತ್ತಿಗೂ ಇರುವ ಸಂಬಂಧವನ್ನು ಕುರಿತ ತನ್ನ ಪ್ರಬಂಧವನ್ನು ಗಾಲ್ವಾನಿ 1791ರಲ್ಲಿ ಪ್ರಕಟಿಸಿದನು. ಕಪ್ಪೆಯ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 27 ಮೀಟರ್ ವೇಗದಲ್ಲಿ ಸಾಗುವುದೆಂದು ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಅಳೆದನು. 1891ರಲ್ಲಿ ವಾಲ್ಡೆಯರ್ ನರಕೋಶಕ್ಕೆ ‘ನ್ಯೂರಾನ್’ ಎಂದು ಹೆಸರಿಟ್ಟನು. ಬಿಲ್ಲಿನ ಹೆದೆ ಹೀಗೆ ಕಣ್ಣಿಗೆ ಕಾಣದ ಕೋಶವಾಯಿತು. ಆದರೂ ಬಳಕೆಯ ಇಂಗ್ಲಿಷಿನಲ್ಲಿ ‘ನರ್ವ್’ ಎಂದರೆ ಧೈರ್ಯ, ಉದ್ಧಟತನ, ಬಹುವಚನವಾದರೆ ಅಂಜಿಕೆ, ಸಸ್ಯಶಾಸ್ತ್ರದಲ್ಲಿ ಎಲೆಯ ಗೆರೆ. ಒಂದು ಮಾತಿಗೆ ಒಂದೇ ಅರ್ಥವೆಂಬ ವಾದ ಎಲ್ಲಿ ಉಳಿಯಿತು?

ಇನ್ನು ನಮ್ಮ ‘ನರ’. ಧ್ವನಿ ಹೋಲುವುದೆಂದು ಇದನ್ನು ‘ನರ್ವ್’ಗೆ ನಂಟು ಮಾಡುವುದು ಸಲ್ಲದು. ಮನುಷ್ಯನೆಂಬರ್ಥದ ಸಂಸ್ಕೃತದ ‘ನರ’ವೂ ಬೇರೆ. ಇದು ದ್ರಾವಿಡದ ಸೊತ್ತು. ತಾಳವಾಡಿ, ಹೊಸೂರುಗಳ ಮಕ್ಕಳು ಕೇಳುವ ತಮಿಳಿನ ‘ನರಂಬು’, ಕಾಸರಗೋಡಿನವರು ಕೇಳುವ ಮಲಯಾಳದ ‘ಞರಂಬ್’, ಮಡಕಶಿರಾ, ರಾಯದುರ್ಗಗಳ ಕಡೆಯ ತೆಲುಗಿನ ‘ನರಮು’ ಎಲ್ಲವೂ ಒಂದೇ ಮನೆಯವು. ಬರೋ ಮತ್ತು ಎಮೆನೊ ಅವರ 1961ರ ದ್ರಾವಿಡ ನಿಘಂಟಿನಲ್ಲಿ ಇವು ಒಂದೇ ಕಡೆ ಕೂಡಿವೆ. ತಮಿಳಿನಲ್ಲಿ ‘ನರಂಬು’ ಯಾಳ್ ವಾದ್ಯದ ತಂತಿಯೂ ಹೌದು. ದೇಹವನ್ನೇ ವಾದ್ಯವಾಗಿಸಿಕೊಳ್ಳೆಂದು ಬಸವಣ್ಣನವರು ಬೇಡುವ ಪ್ರಸಿದ್ಧ ವಚನದಲ್ಲಿ ತಂತಿಯ ಸ್ಥಾನ ಸಂದಿರುವುದು ನರಕ್ಕೇ. ಕಸುವಿಲ್ಲದವನನ್ನು ನಾವು ‘ನರಸತ್ತವನು’ ಎನ್ನುತ್ತೇವೆ. ಹುರಿ, ತಂತಿ, ಬಲ, ಮಿದುಳಿನ ತಂತು: ಗ್ರೀಕರ ಮಾತು ನಡೆದ ದಾರಿಯಲ್ಲೇ, ಅವರಿಂದ ಎರವಲು ಪಡೆಯದೆ, ನಮ್ಮ ಮಾತೂ ನಡೆದಿದೆ. ದೇಹವನ್ನು ಹೊರಗಿನಿಂದ ನೋಡುವ ಜನರಿಗೆಲ್ಲ ಈ ಬಿಳಿಯ ಎಳೆಗಳು ಒಂದೇ ಬಗೆಯಾಗಿ ಕಾಣುವುದು ಸಹಜವಲ್ಲವೆ?

ಗಡಿನಾಡಿನ ಶಿಕ್ಷಕರಿಗೆ ಹೆಚ್ಚು ತೊಡಕು ಕೊಡುವುದು ‘ನರ’ವಲ್ಲ, ‘ಸ್ನಾಯು’. ಸುಶ್ರುತಸಂಹಿತೆ 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಹಲಗೆಗಳನ್ನು ಹಗ್ಗಗಳಿಂದ ಬಿಗಿದ ದೋಣಿ ಹೊರೆಯನ್ನು ಹೊರುವಂತೆ, ಸ್ನಾಯುಗಳಿಂದ ಬಿಗಿದ ದೇಹ ಭಾರವನ್ನು ಹೊರುವುದೆಂದು ಅದರ ಉಪಮೆ. ಅಲ್ಲಿ ಸ್ನಾಯುವೆಂದರೆ ಕಟ್ಟು, ಹುರಿ. ಇಂದಿನ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದು ಮಾಂಸಖಂಡ. ಮಲಯಾಳದಲ್ಲಿ ಎಲುಬಿನ ಕಟ್ಟು. ಬಂಗಾಳಿಯಲ್ಲಿ ಮಿದುಳಿನ ತಂತು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ವಿದ್ಯಾರ್ಥಿ ನರಕ್ಕೆ ಮರಾಠಿಯಲ್ಲಿ ‘ಮಜ್ಜಾತಂತು’ ಎಂದು ಓದುತ್ತಾನೆ; ಕನ್ನಡದಲ್ಲಿ ಮಜ್ಜೆಯೆಂದರೆ ಎಲುಬಿನೊಳಗಿನ ತಿರುಳು. ಸಂಸ್ಕೃತದ ಮಾತಾದೊಡನೆ ಎಲ್ಲ ಭಾಷೆಗಳಿಗೂ ಸಮಾನವಾಗುವುದೆಂಬ ಭರವಸೆ ಇಲ್ಲಿ ಸಲ್ಲದು.

ಆದಕಾರಣ ನಮ್ಮ ಸೂಚನೆ ಇಷ್ಟು. ಮಕ್ಕಳ ಬಾಯಲ್ಲಿರುವ ‘ನರ’ವನ್ನು ತಪ್ಪೆಂದು ಹೊಡೆದುಹಾಕಬೇಡಿರಿ; ಅದರಿಂದಲೇ ಪಾಠವನ್ನು ಆರಂಭಿಸಿರಿ. ಮುಂಗೈಯ ಮೇಲೆ ಉಬ್ಬಿ ಕಾಣುವ ನೀಲಿಯ ಗೆರೆಯನ್ನು ತೋರಿಸಿ, ರಕ್ತ ಹರಿಯುವ ಇದು ಅಭಿಧಮನಿ ಎನ್ನಿರಿ. ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನು ಮುಟ್ಟಿಸಿ, ಇದು ಸ್ನಾಯುರಜ್ಜು ಎನ್ನಿರಿ. ಮೊಣಕೈಯ ಒಳಬದಿಗೆ ಪೆಟ್ಟು ತಗಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದನ್ನು ನೆನಪಿಸಿ, ಶಾಸ್ತ್ರದ ನರ ಇದೇ ಎನ್ನಿರಿ. ಮೂರನ್ನೂ ತನ್ನ ಮೈಯಲ್ಲೇ ಗುರುತಿಸಿದ ಮಗುವಿಗೆ ಮಾತು ತಾನಾಗಿ ಖಚಿತವಾಗುತ್ತದೆ. ಪಕ್ಕದ ಭಾಷೆಯ ಹೆಸರನ್ನೂ ಹಲಗೆಯ ಮೇಲೆ ಬರೆದರೆ ಎರಡು ಭಾಷೆಗಳ ನಡುವೆ ಬಾಳುವ ಮಗುವಿನ ಗೊಂದಲ ತಪ್ಪುತ್ತದೆ.

ಖಚಿತತೆ ಯಾವ ಭಾಷೆಗೂ ಹುಟ್ಟಿನಿಂದ ಬಂದ ಗುಣವಲ್ಲ. ನೋಡಿ, ಬಿಡಿಸಿ, ತಿಳಿದವರು ತಮ್ಮ ಮಾತಿಗೆ ತಂದುಕೊಟ್ಟ ಗುಣ. ಗ್ರೀಕಿನಲ್ಲಿ ಆ ಕೆಲಸ ನಡೆದುದು ಛೇದನಶಾಲೆಯಲ್ಲಿ. ಕನ್ನಡದಲ್ಲಿ ಅದು ನಡೆಯಬೇಕಾದುದು ನಮ್ಮ ನಮ್ಮ ತರಗತಿಗಳಲ್ಲಿ.