ಅಂದಾಜಿನ ಅಡಿಗೆ, ಅಳತೆಯ ಅಡಿಗೆ

ಅಡಿಗೆಯ ಕಾರ್ಯಕ್ರಮ ಚಿತ್ರೀಕರಿಸುವಾಗ ನಮ್ಮಂಥ ನಿರ್ಮಾಪಕರಿಗೆ ತಪ್ಪದೆ ಎದುರಾಗುವ ತೊಡಕೊಂದಿದೆ. 'ಅಮ್ಮಾ, ಉಪ್ಪು ಎಷ್ಟು ಹಾಕಿದಿರಿ?' ಎಂದು ಕೇಳಿದರೆ, ಒಲೆಯ ಮುಂದೆ ನಿಂತ ಹಿರಿಯರು 'ಒಂದು ಅಂದಾಜಿಗೆ ಹಾಕಿದೆ ಕಣಪ್ಪಾ' ಎಂದು ನಕ್ಕುಬಿಡುತ್ತಾರೆ. ವಿಜ್ಞಾನ ಓದಿ, ಪ್ರಯೋಗಶಾಲೆಯಲ್ಲಿ ಗ್ರಾಂ, ಮಿಲಿಲೀಟರುಗಳ ಲೆಕ್ಕ ಕಲಿತ ನನಗೆ ಈ ಉತ್ತರ ಮೊದಮೊದಲು ಕಿರಿಕಿರಿಯೆನಿಸುತ್ತಿತ್ತು. ಸಿಂಗಪುರದ ಪೆರನಾಕನ್ ಮನೆಗಳಲ್ಲಿಯೂ ಇದೇ ಅಂದಾಜು ನಡೆಯುತ್ತದೆ, ಅದಕ್ಕೆ ಮಲಯ ಭಾಷೆಯಲ್ಲಿ 'ಅಗಾಕ್ ಅಗಾಕ್' ಎನ್ನುತ್ತಾರೆ ಎಂದು ತಿಳಿದಾಗ, ಆ ಅಡಿಗೆಯ ಚರಿತ್ರೆಯನ್ನು ಕೆದಕುವ ಆಸೆ ಹುಟ್ಟಿತು.

ಮಲಯ ನಾಡಿನ ಬಂದರುಗಳಿಗೆ ಬಂದು ನೆಲೆಸಿದ ಚೀನೀ ವರ್ತಕರು ಸ್ಥಳೀಯ ಸ್ತ್ರೀಯರನ್ನು ಮದುವೆಯಾದರು. ಅವರ ಸಂತತಿಯೇ ಪೆರನಾಕನ್ನರು. 1819ರಲ್ಲಿ ಬ್ರಿಟಿಷರು ಸಿಂಗಪುರದಲ್ಲಿ ವ್ಯಾಪಾರದ ನೆಲೆ ಸ್ಥಾಪಿಸಿದ ಮೇಲೆ ಮಲಾಕ್ಕದಿಂದ ಅನೇಕ ಕುಟುಂಬಗಳು ಅಲ್ಲಿಗೆ ಬಂದವು. ಈ ಮನೆಗಳ ಹೆಂಗಸರನ್ನು 'ನ್ಯೋನ್ಯಾ' ಎಂದು ಕರೆಯುತ್ತಾರೆ. ದುಂಪರಾಸ್ಮೆ, ಮಜ್ಜಿಗೆ ಹುಲ್ಲು, ಅರಿಸಿನ, ಮೆಣಸಿನಕಾಯಿ, ಸಣ್ಣ ಈರುಳ್ಳಿ ಮತ್ತು ಸಿಗಡಿಯನ್ನು ಹುದುಗಿಸಿ ಮಾಡಿದ 'ಬೆಲಚನ್' ಇವನ್ನೆಲ್ಲ ಕಲ್ಲಿನ ಒರಳಿನಲ್ಲಿ ಕುಟ್ಟಿ ಅವರು ಮಾಡುವ ಮಸಾಲೆಯೇ 'ರೆಂಪಾ'. ಈ ಅಡಿಗೆಯ ಬುನಾದಿ ಅದೇ.

ಇವರ ಅತ್ಯಂತ ಹೆಸರಾದ ಖಾದ್ಯಕ್ಕೆ ಬೇಕಾಗುವುದು 'ಬುವಾ ಕೆಲುವಾಕ್' ಎಂಬ ಕಾಡುಮರದ ಬೀಜ. ಹಸಿಯಾಗಿದ್ದಾಗ ಅದು ವಿಷ. ಅದರಲ್ಲಿರುವ ಸಂಯುಕ್ತವೊಂದು ಒಡೆದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಕಹಿ ಮರಗೆಣಸಿನಲ್ಲಿಯೂ ಇದೇ ಅಪಾಯವುಂಟು. ಬೀಜಗಳನ್ನು ಬೇಯಿಸಿ, ಬೂದಿಯೊಳಗೆ ಸುಮಾರು ನಲವತ್ತು ದಿನ ಹೂತಿಡುತ್ತಾರೆ. ಹೈಡ್ರೋಜನ್ ಸಯನೈಡ್ ನೀರಿನಲ್ಲಿ ಕರಗುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ಹೀಗಾಗಿ ವಿಷ ಕಳೆದು, ಬಿಳಿಯ ತಿರುಳು ಕಪ್ಪಾಗುತ್ತದೆ. ಅಡಿಗೆಗೆ ಮೊದಲು ಬೀಜಗಳನ್ನು ಮತ್ತೆ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ತಿರುಳು ತೆಗೆದು ರುಬ್ಬಿ, ಚಿಪ್ಪಿನೊಳಗೆ ಪುನಃ ತುಂಬಿ, ಹುಣಸೆಯ ಹುಳಿಯಲ್ಲಿ ಕೋಳಿಯೊಡನೆ ಬೇಯಿಸುತ್ತಾರೆ. ಸಯನೈಡಿನ ಹೆಸರೇ ಕೇಳದ ಜನ ಅದನ್ನು ಹೊರಹಾಕುವ ವಿಧಾನವನ್ನು ಕಂಡುಕೊಂಡಿದ್ದರು! 'ಅಂದಾಜು' ಎಂದು ನಾವು ಹಗುರವಾಗಿ ಕರೆಯುವುದರಲ್ಲಿ ಎಷ್ಟು ತಲೆಮಾರುಗಳ ಪ್ರಯೋಗ ಅಡಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಸಿಂಗಪುರದ 'ಸಾಂಪ್ರದಾಯಿಕ' ಅಡಿಗೆಯೆಲ್ಲ ಇಷ್ಟು ಹಳೆಯದೆಂದು ಭಾವಿಸಬಾರದು. ಇಂದು ಆ ದೇಶದ ಗುರುತೇ ಆಗಿರುವ ಚಿಲ್ಲಿ ಕ್ರ್ಯಾಬ್ ಹುಟ್ಟಿದ್ದು 1950ರ ದಶಕದಲ್ಲಿ. ಬರಿಯ ಆವಿಯಲ್ಲಿ ಬೆಂದ ಏಡಿ ಗಂಡನಿಗೆ ಬೇಸರವಾಯಿತೆಂದು ಚೆರ್ ಯಾಮ್ ತಿಯಾನ್ ಎಂಬಾಕೆ ಟೊಮೆಟೊ ಸಾಸ್ ಬೆರೆಸಿ ನೋಡಿದರು, ಆಮೇಲೆ ಮೆಣಸಿನಕಾಯಿಯ ಸಾಸನ್ನೂ ಸೇರಿಸಿದರು. 1956ರಲ್ಲಿ ತಳ್ಳುಗಾಡಿಯಲ್ಲಿ ಅದರ ಮಾರಾಟ ಶುರುವಾಯಿತು. ಮೀನಿನ ತಲೆಯ ಸಾರನ್ನು ಮೊದಲು ಬಡಿಸಿದ ಕೀರ್ತಿ ಕೇರಳದಿಂದ ಹೋದ ಎಂ. ಜೆ. ಗೋಮೆಜ್ ಅವರಿಗೆ ಸಲ್ಲುತ್ತದೆ. ಮೀನಿನ ತಲೆಯನ್ನು ಬಹಳ ರುಚಿಯೆಂದು ಬಗೆಯುವ ಚೀನೀ ಗಿರಾಕಿಗಳು, ಮಸಾಲೆ ಅರೆಯಬಲ್ಲ ಮಲಯಾಳಿ: ಇಬ್ಬರೂ ಸೇರಿದಾಗ ಹೊಸದೊಂದು ಹುಟ್ಟಿತು. ಚೀನೀ ಹೊಸ ವರ್ಷದಂದು ಎಲ್ಲರೂ ಮೇಜಿನ ಸುತ್ತ ನಿಂತು ಕಡ್ಡಿಗಳಿಂದ ಎತ್ತೆತ್ತಿ ಬೆರೆಸುವ 'ಯುಶೆಂಗ್' ಎಂಬ ಹಸಿಮೀನಿನ ತಿನಿಸಿಗೂ ನಾಲ್ವರು ಬಾಣಸಿಗರು 1964ರಲ್ಲಿ ಇಂದಿನ ರೂಪ ಕೊಟ್ಟರು. ಅಜ್ಜನ ಕಾಲದ್ದೆಂದು ನಾವು ನಂಬುವ ಎಷ್ಟೋ ಪದ್ಧತಿಗಳು ಅಪ್ಪನ ಕಾಲದವು.

1965ರಲ್ಲಿ ಸಿಂಗಪುರ ಸ್ವತಂತ್ರ ರಾಷ್ಟ್ರವಾಯಿತು. ಆಗ ಬೀದಿಬದಿಯ ಅಡಿಗೆ ಸರ್ಕಾರಕ್ಕೆ ನೈರ್ಮಲ್ಯದ ಸಮಸ್ಯೆಯಾಗಿ ಕಂಡಿತು. 1968-69ರಲ್ಲಿ ಬೀದಿ ವ್ಯಾಪಾರಿಗಳ ನೋಂದಣಿ ನಡೆಯಿತು. 1971ರಿಂದ 1986ರವರೆಗೆ ನೀರು, ಚರಂಡಿ, ವಿದ್ಯುತ್ ಇರುವ ಹಾಕರ್ ಕೇಂದ್ರಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು. ಕಡಿಮೆ ಬೆಲೆಗೆ ಬಿಸಿಯೂಟ ಸಿಗುವ ಈ ಕೇಂದ್ರಗಳಲ್ಲಿ ಮಲಯ, ಚೀನೀ, ತಮಿಳು ಅಡಿಗೆಗಳು ಅಕ್ಕಪಕ್ಕದಲ್ಲೇ ಬೇಯತೊಡಗಿದವು.

ಮುಂದಿನ ಅಧ್ಯಾಯ ಈ ಶತಮಾನದ್ದು. ವಕೀಲಿ ಬಿಟ್ಟು ಬಂದ ವಿಲಿನ್ ಲೋ 2005ರಲ್ಲಿ 'ವೈಲ್ಡ್ ರಾಕೆಟ್' ಎಂಬ ಹೋಟೆಲು ತೆರೆದು, ಲಕ್ಸಾ ಎಂಬ ತೆಂಗಿನ ಹಾಲಿನ ಶಾವಿಗೆ ಸಾರಿನ ಪರಿಮಳವನ್ನು ಇಟಲಿಯ ಪಾಸ್ತಾಕ್ಕೆ ತಂದರು. ತಮ್ಮ ಬಗೆಯ ಅಡಿಗೆಗೆ ಅವರಿಟ್ಟ ಹೆಸರು 'ಮಾಡ್ ಸಿನ್', ಎಂದರೆ ಆಧುನಿಕ ಸಿಂಗಪುರ ಶೈಲಿ. ಆ ಹೋಟೆಲು 2018ರಲ್ಲಿ ಮುಚ್ಚಿತು, ಆದರೆ ಹೆಸರು ಉಳಿಯಿತು. ಬ್ಯಾಂಕಿನ ಕೆಲಸ ತೊರೆದ ಹಾನ್ ಲಿ ಗ್ವಾಂಗ್ 2014ರಲ್ಲಿ 'ಲ್ಯಾಬಿರಿಂತ್' ಆರಂಭಿಸಿ ಚಿಲ್ಲಿ ಕ್ರ್ಯಾಬನ್ನು ಐಸ್‌ಕ್ರೀಮಾಗಿಸಿದರು. 2010ರಲ್ಲಿ 'ಕ್ಯಾಂಡಲ್‌ನಟ್' ತೆರೆದ ಮಾಲ್ಕಮ್ ಲೀ, ಕೆಲುವಾಕ್ ಬೀಜದ ಕಹಿಮಿಶ್ರಿತ ಮಣ್ಣಿನ ಘಮವನ್ನು ಚಾಕೊಲೇಟಿನ ಜೊತೆಗಿಟ್ಟು ಊಟದ ಕೊನೆಯ ಸಿಹಿಯಾಗಿಸಿದರು. 2016ರಲ್ಲಿ ಮಿಶೆಲಿನ್ ಮಾರ್ಗದರ್ಶಿ ಮೊದಲ ಬಾರಿಗೆ ಸಿಂಗಪುರಕ್ಕೆ ಬಂದಾಗ ಕ್ಯಾಂಡಲ್‌ನಟ್‌ಗೆ ಒಂದು ನಕ್ಷತ್ರ ದೊರೆಯಿತು. ಪೆರನಾಕನ್ ಹೋಟೆಲೊಂದಕ್ಕೆ ಸಂದ ಮೊದಲ ನಕ್ಷತ್ರ ಅದು. ಅದೇ ವರ್ಷ ಹಾಕರ್ ಕೇಂದ್ರದಲ್ಲಿ ಕೋಳಿ ಅನ್ನ ಮಾರುತ್ತಿದ್ದ ಚಾನ್ ಹೊನ್ ಮೆಂಗ್ ಅವರ ಅಂಗಡಿಗೂ ನಕ್ಷತ್ರ ಸಿಕ್ಕಿತೆಂಬುದನ್ನು ಮರೆಯುವಂತಿಲ್ಲ.

ಇದನ್ನೆಲ್ಲ ಒಪ್ಪದವರೂ ಇದ್ದಾರೆ. ಡೇಮಿಯನ್ ಡಿಸಿಲ್ವ ಅವರಂಥ ಬಾಣಸಿಗರು ಹಳೆಯ ಪಾಕಗಳನ್ನು ಹಳೆಯ ಶ್ರಮದಿಂದಲೇ ಮಾಡಬೇಕೆಂಬ ಹಠದವರು. ಅವರ ಆತಂಕವನ್ನು ಅರ್ಥಮಾಡಿಕೊಳ್ಳಬಹುದು. ಮೂಲದ ರುಚಿಯನ್ನೇ ತಿಳಿಯದ ಮಗುವಿಗೆ ಅದರ ರೂಪಾಂತರ ತೋರಿಸಿದರೆ ಏನು ಹೊಳೆದೀತು? ಚಿಲ್ಲಿ ಕ್ರ್ಯಾಬನ್ನು ಕೈಯಾರೆ ಮುರಿದು ತಿಂದವನಿಗೆ ಮಾತ್ರ ಅದರ ಐಸ್‌ಕ್ರೀಮಿನ ತಮಾಷೆ ತಿಳಿಯುತ್ತದೆ.

ಆದರೆ ನಿಜವಾದ ಕಷ್ಟ ಬೇರೆಡೆ ಇದೆ ಎಂದು ನನಗೆ ತೋರುತ್ತದೆ. ಹೊಸ ಹೋಟೆಲಿನಲ್ಲಿ ಬಾಣಸಿಗನ ಶ್ರಮಕ್ಕೆ ಬೆಲೆ ಕಟ್ಟುತ್ತಾರೆ, ಗಿರಾಕಿ ಅದನ್ನು ಕೊಡುತ್ತಾನೆ. ಹಾಕರ್ ಕೇಂದ್ರದಲ್ಲಿ ನಸುಕಿಗೇ ಎದ್ದು ಸಾರು ಕಾಯಿಸುವವರ ತಟ್ಟೆ ಮಾತ್ರ ಅಗ್ಗವಾಗಿಯೇ ಇರಬೇಕೆಂದು ಅದೇ ಗಿರಾಕಿ ಬಯಸುತ್ತಾನೆ. ಅಲ್ಲಿನ ಅನೇಕರಿಗೆ ಅರವತ್ತರ ಆಸುಪಾಸಿನ ವಯಸ್ಸು. ಮಕ್ಕಳಿಗೆ ಆ ಒಲೆಯ ಮುಂದಿನ ಬದುಕು ಬೇಡ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ಸಂದಿತು, ಆದರೆ ಪಟ್ಟಿ ಒಲೆ ಹಚ್ಚುವುದಿಲ್ಲ.

ಅಡಿಗೆ ಬದಲಾಗದೆ ಉಳಿದದ್ದು ಎಂದೂ ಇಲ್ಲ. ಗಂಡನ ಬೇಸರಕ್ಕೆ ಸಾಸ್ ಬೆರೆಸಿದ ಗೃಹಿಣಿಯೂ ಚಾಕೊಲೇಟಿಗೆ ಕೆಲುವಾಕ್ ಸೇರಿಸಿದ ಬಾಣಸಿಗನೂ ಒಂದೇ ಪರಂಪರೆಯವರು. ಕಳೆದುಹೋಗುವ ಭಯವಿರುವುದು ಬೀಜದ ವಿಷ ತೆಗೆಯುವ, ರೆಂಪಾ ಹದವರಿತು ಹುರಿಯುವ ಕೈಗಳ ತಿಳಿವಳಿಕೆಗೆ. ಹೊಸ ಬಾಣಸಿಗರು ಅಂದಾಜಿನ ಪಕ್ಕದಲ್ಲಿ ಅಳತೆಯನ್ನು ಬರೆದಿಡುತ್ತಿದ್ದಾರೆ, ಅದು ಉಪಕಾರವೇ. ಈಗ ನಾನೂ ಹಿರಿಯರನ್ನು 'ಉಪ್ಪು ಎಷ್ಟು?' ಎಂದು ಕೇಳಿದ ಮೇಲೆ ಸುಮ್ಮನಾಗುವುದಿಲ್ಲ. ಅವರ ಕೈಯಲ್ಲಿರುವ ಉಪ್ಪನ್ನು ಒಮ್ಮೆ ತಕ್ಕಡಿಗೆ ಹಾಕಿಸಿ, ತೂಕವನ್ನು ಬರೆದುಕೊಂಡು, ಮತ್ತೆ ಅವರ ಅಂಗೈಗೇ ಕೊಡುತ್ತೇನೆ.