ಪಾಪ್ಲೆಟ್ (ಬಿಳಿ ಮಾಂಜಿ)

ಅರಬ್ಬೀ ಸಮುದ್ರದ ಕರಾವಳಿ ನೀರಿನಲ್ಲಿ ಸಿಗುವ, ಬೆಳ್ಳಿ ಬಣ್ಣದ ಚಪ್ಪಟೆ ಮೀನು. ಕರ್ನಾಟಕದ ಕರಾವಳಿಯ ಮಾಂಜಿಯೇ ಪುಣೆಯಲ್ಲಿ ಪಾಪ್ಲೆಟ್. ಕಡಲಿಲ್ಲದ ಈ ನಗರಕ್ಕೆ ಅದು ಐಸ್‌ನಲ್ಲಿ ಬರುತ್ತದೆ. ಗಣೇಶ ಪೇಠೆಯ ಮೀನು ಮಾರುಕಟ್ಟೆ ಹೆಸರುವಾಸಿ. ಬಹುಕಾಲ ಪಾಂಪಸ್ ಆರ್ಜೆಂಟಿಯಸ್ ಎನ್ನಲಾಗುತ್ತಿದ್ದ ಭಾರತದ ಮೀನನ್ನು ಈಚಿನ ಅಧ್ಯಯನಗಳು ಪಾಂಪಸ್ ಕ್ಯಾಂಡಿಡಸ್ ಎಂದು ಗುರುತಿಸಿವೆ.

ಬಾಯಿ ಪುಟ್ಟದು, ಬಾಲ ಕವಲೊಡೆದಿದ್ದು ಕೆಳಗವಲು ಉದ್ದ. ಹೊಟ್ಟೆಯಡಿಯ ಜೋಡಿ ಈಜುರೆಕ್ಕೆ ಇರುವುದೇ ಇಲ್ಲ. ಕಪ್ಪು ಮಾಂಜಿ, ಅಂದರೆ ಮರಾಠಿಯ ಹಲವಾ, ನೋಟಕ್ಕೆ ಹತ್ತಿರವಾದರೂ ಬೇರೆಯೇ ಕುಟುಂಬದ್ದು. ಅದರ ಬಾಲದ ಬುಡ ಸವರಿದರೆ ಗಡುಸಾದ ಏಣು ಕೈಗೆ ಸಿಗುತ್ತದೆ. ಗೊಂದಲವಾದರೆ ಈ ಗುರುತೇ ಸಾಕು. ಪಾಪ್ಲೆಟ್‌ನ ಕಿವಿರಿನ ಸೀಳು ಬಹಳ ಕಿರಿದು, ಆದ್ದರಿಂದ ತಾಜಾತನ ತಿಳಿಯಲು ಅದನ್ನು ಬಿಡಿಸಿಯೇ ನೋಡಬೇಕು: ಒಳಗೆ ಕೆಂಪಗಿರಬೇಕು.

2023ರಲ್ಲಿ ಮಹಾರಾಷ್ಟ್ರ ಇದನ್ನು ರಾಜ್ಯ ಮೀನೆಂದು ಘೋಷಿಸಿತು. ಗೌರವಕ್ಕಿಂತ ಮುಖ್ಯವಾದದ್ದು ರಕ್ಷಣೆ. ಸಣ್ಣ ಕಣ್ಣಿನ ಬಲೆಗಳಲ್ಲಿ ಮರಿಗಳೇ ಬೀಳುವುದರಿಂದ ಸಂತತಿ ಕುಗ್ಗುತ್ತಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಉಳಿದ ತಿಂಗಳುಗಳಲ್ಲೂ ಅಂಗೈಗಿಂತ ಚಿಕ್ಕ ಪಾಪ್ಲೆಟ್ ಕೊಳ್ಳದಿರುವುದು ಒಳಿತು.