ಲೆಕ್ಕಕ್ಕೆ ಬಾರದ ಸಂತೆ

ಟೊಮೆಟೊ, ಹಸಿಮೆಣಸಿನಕಾಯಿ, ಬೀನ್ಸ್, ಸೀಮೆಬದನೆ, ಸಿಹಿಗುಂಬಳ, ಮುಸುಕಿನ ಜೋಳ, ಪರಂಗಿ, ಚೆಂಡು ಹೂವು. ಚಿಕ್ಕಬಳ್ಳಾಪುರದ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಲೇ ಅರ್ಧ ಆಯಸ್ಸು ಕಳೆದವನು ನಾನು. ನನ್ನ ಪೆನ್ನು ಹೆಚ್ಚು ಸವೆದದ್ದು ಈ ಹೆಸರುಗಳ ಮೇಲೆ. ಐನೂರೈವತ್ತು ವರ್ಷದ ಹಿಂದೆ ಇವುಗಳಲ್ಲಿ ಒಂದೂ ನಂದಿ ಸೀಮೆಯಲ್ಲಿ ಇರಲಿಲ್ಲ. ಎಲ್ಲವೂ ಮೆಕ್ಸಿಕೊ, ಗ್ವಾಟೆಮಾಲಾ ಮತ್ತು ಅವುಗಳ ಆಸುಪಾಸಿನ ಬೇಸಾಯಗಾರರ ಕೈಯಲ್ಲಿ ಪಳಗಿದವು. ರಾಗಿಯೂ ಹೊರಗಿನದೇ, ಆಫ್ರಿಕಾದಿಂದ ಬಂದದ್ದು, ಆದರೆ ಅದು ಬಹಳ ಹಳೆಯ ನೆಂಟಸ್ತಿಕೆ. ಟೊಮೆಟೊ ಬಂದದ್ದು ನಿನ್ನೆ ಮೊನ್ನೆ. ಇವತ್ತು ಚಿಂತಾಮಣಿ ಕಡೆಯ ರೈತ ಮಗಳ ಮದುವೆ ನಿಶ್ಚಯ ಮಾಡುವುದೇ ಟೊಮೆಟೊ ರೇಟು ನೋಡಿಕೊಂಡು.

ಬೆಳೆ ಯಾವ ಹಡಗಿನಲ್ಲಿ ಬಂತು ಎನ್ನುವುದನ್ನು ಬಹಳ ಜನ ಬರೆದಿದ್ದಾರೆ. ನನಗೆ ಇರುವ ಕುತೂಹಲ ಬೇರೆ. ಅದರ ತವರಿನಲ್ಲಿ ವ್ಯಾಪಾರ ಹೇಗೆ ನಡೆಯುತ್ತಿತ್ತು? ಅಳತೆ ಯಾವುದು, ಜಗಳ ಬಿಡಿಸುವವರು ಯಾರು, ಲೆಕ್ಕ ಇಟ್ಟವರು ಯಾರು? ಮಂಡಿಯವನಿಗೆ ಬರುವ ಪ್ರಶ್ನೆಗಳೇ ಇವು.

ಇಂದಿನ ಮೆಕ್ಸಿಕೊ ನಗರದ ಕೆಳಗೆ ಅಜ್ಟೆಕರ ರಾಜಧಾನಿ ತೆನೊಚ್ತಿತ್ಲಾನ್ ಇದೆ. ಅದಕ್ಕೆ ಅಂಟಿಕೊಂಡೇ ಇದ್ದದ್ದು ತ್ಲಾತೆಲೊಲ್ಕೊ ಎಂಬ ಸಂತೆಯ ಊರು. ಅದನ್ನು ಕಣ್ಣಾರೆ ಕಂಡ ಎರ್ನಾನ್ ಕೊರ್ತೆಸ್ 1520ರಲ್ಲಿ ಸ್ಪೇನಿನ ದೊರೆಗೆ ಕಾಗದ ಬರೆದ. ದಿನಕ್ಕೆ ಅರವತ್ತು ಸಾವಿರಕ್ಕೂ ಮಿಕ್ಕಿ ಜನ ಸೇರುತ್ತಾರೆ, ಒಂದೊಂದು ಸರಕಿಗೆ ಒಂದೊಂದು ಬೀದಿ, ನಡುವೆ ಒಂದು ಮನೆಯಲ್ಲಿ ಹತ್ತು ಹನ್ನೆರಡು ಮಂದಿ ನ್ಯಾಯ ಹೇಳಲು ಕೂತಿರುತ್ತಾರೆ ಎಂದ. ಊರು ಗೆಲ್ಲಲು ಹೋದವನ ಮಾತು, ಅಂಕಿಯಲ್ಲಿ ಸ್ವಲ್ಪ ಕಳೆದೇ ಓದಬೇಕು. ಆದರೆ ಅದೇ ಕಾಗದದಲ್ಲಿ ಬರುವ ಇನ್ನೆರಡು ಸಂಗತಿಗಳನ್ನು ನಾನು ಪೂರ್ತಿ ನಂಬುತ್ತೇನೆ. ಅಲ್ಲಿ ಎಲ್ಲವೂ ಎಣಿಕೆ ಮತ್ತು ಅಳತೆಯ ಮೇಲೆ ಮಾರಾಟವಾಗುತ್ತಿತ್ತು, ತೂಕ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಮತ್ತೆ, ಸಂತೆಯಲ್ಲಿ ತಿರುಗಾಡುವ ಅಧಿಕಾರಿಗಳು ಸುಳ್ಳು ಅಳತೆ ಸಿಕ್ಕರೆ ಅಲ್ಲೇ ಒಡೆದು ಹಾಕುತ್ತಿದ್ದರು. ಇಂಥವನ್ನು ಯಾರೂ ಕಟ್ಟಿ ಹೇಳುವುದಿಲ್ಲ. ತೂಕವಿಲ್ಲದ ವ್ಯಾಪಾರ ನಮಗೇನೂ ಹೊಸದಲ್ಲ. ನಮ್ಮ ತಾತನ ಕಾಲದ ತನಕ ರಾಗಿ ಸೇರು, ಕೊಳಗ, ಖಂಡುಗದ ಲೆಕ್ಕವೇ. ಹೂವು ಇಂದಿಗೂ ಮೊಳದಲ್ಲಿ ಹೋಗುತ್ತದೆ, ಸೊಪ್ಪು ಕಟ್ಟಿನಲ್ಲಿ.

ಅಲ್ಲಿ ಚಿಲ್ಲರೆ ದುಡ್ಡು ಕೊಕೊ ಬೀಜ. ದೊಡ್ಡ ಬಾಬತ್ತಿಗೆ ಹತ್ತಿಯ ಬಟ್ಟೆ. ಕೊಕೊ ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ ಏರುತ್ತ ಹೋಗಿ ಒಂದು ಹೊರೆಗೆ 24,000 ಬೀಜ. 1545ರಲ್ಲಿ ತ್ಲಾಶ್ಕಾಲಾ ಊರಿನಲ್ಲಿ ಬರೆದಿಟ್ಟ ಒಂದು ಬೆಲೆಪಟ್ಟಿ ಉಳಿದಿದೆ. ಒಳ್ಳೆಯ ಹೆಣ್ಣು ಟರ್ಕಿ ಕೋಳಿಗೆ ತುಂಬಿದ ಬೀಜವಾದರೆ 100, ಸುಕ್ಕಿದ್ದಾದರೆ 120. ಅದರ ಮೊಟ್ಟೆಗೆ 3. ಆಗ ತಾನೇ ಕಿತ್ತ ಬೆಣ್ಣೆಹಣ್ಣಿಗೆ 3, ಪೂರಾ ಮಾಗಿದ್ದಕ್ಕೆ 1. ದೊಡ್ಡ ಟೊಮೆಟೊಗೆ 1. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕೆ. ಮಾಗಿದ ಹಣ್ಣಿನ ರೇಟು ಯಾಕೆ ಬಿತ್ತು ಎಂದು ಯಾವ ಪ್ರೊಫೆಸರೂ ಮಂಡಿಯವನಿಗೆ ಬಿಡಿಸಿ ಹೇಳಬೇಕಿಲ್ಲ. ನಾಳೆಗೆ ಉಳಿಯದ ಸರಕು ಇವತ್ತೇ ತಲೆ ತಗ್ಗಿಸುತ್ತದೆ.

ಮೋಸವೂ ಇತ್ತು. ಬೆರ್ನಾರ್ದಿನೊ ದೆ ಸಹಾಗುನ್ ಎಂಬ ಪಾದ್ರಿ ಅಲ್ಲಿಯವರ ಬಾಯಿಂದಲೇ ಬರೆಸಿದ ದೊಡ್ಡ ಗ್ರಂಥದಲ್ಲಿ ಕೆಟ್ಟ ಕೊಕೊ ವ್ಯಾಪಾರಿಯ ವರ್ಣನೆ ಬರುತ್ತದೆ. ದಂಟಿನ ಬೀಜದ ಹಿಟ್ಟು, ಮೇಣ, ಬೆಣ್ಣೆಹಣ್ಣಿನ ಓಟೆ ಇವುಗಳಿಂದ ನಕಲಿ ಬೀಜ ಮಾಡಿ ಒಳ್ಳೆಯದರ ಜೊತೆ ಬೆರೆಸುತ್ತಾನಂತೆ. ನಮ್ಮಲ್ಲಿ ಕ್ರೇಟಿನ ಮೇಲೆ ದಪ್ಪ ಕಾಯಿ, ಅಡಿಯಲ್ಲಿ ಗೋಲಿ ಗಾತ್ರದ್ದು. ಕೊಳ್ಳುವವನು ಅಡಿಯವರೆಗೆ ಕೈ ಹಾಕಿ ನೋಡುವುದು ಸುಮ್ಮನಲ್ಲ.

ಅಜ್ಟೆಕರ ಸರ್ಕಾರಿ ಲೆಕ್ಕವೂ ಸಿಕ್ಕಿದೆ. 1541ರ ಸುಮಾರಿಗೆ ಬರೆಸಿದ ಮೆಂದೋಜಾ ಹಸ್ತಪ್ರತಿ ಈಗ ಆಕ್ಸ್‌ಫರ್ಡಿನಲ್ಲಿದೆ. ಸೋತ ಪ್ರಾಂತ್ಯಗಳು ಎಷ್ಟು ಬಟ್ಟೆ, ಎಷ್ಟು ಮೆಣಸಿನಕಾಯಿ, ಎಷ್ಟು ಗರಿ, ಎಷ್ಟು ಕೊಕೊ ಕಪ್ಪವಾಗಿ ತರಬೇಕು ಎನ್ನುವುದು ಚಿತ್ರಗಳಲ್ಲಿ ಸಾಲಾಗಿ ಇದೆ. ಬಹು ಅಂದದ ಪುಸ್ತಕ. ಬಹಳ ಕಾಲ ಅದನ್ನೇ ನಂಬಿ, ಅಲ್ಲಿನ ಆರ್ಥಿಕತೆ ಎಂದರೆ ರಾಜನಿಗೆ ಕಪ್ಪ, ರಾಜನಿಂದ ಹಂಚಿಕೆ, ಅಷ್ಟೇ ಎಂದುಕೊಂಡವರಿದ್ದರು. ಲೆಕ್ಕ ಬರೆದವನಾಗಿ ಒಂದು ಮಾತು ಹೇಳುತ್ತೇನೆ: ಪುಸ್ತಕದಲ್ಲಿ ಇರುವುದು ಯಜಮಾನರಿಗೆ ಬೇಕಾದದ್ದು ಮಾತ್ರ. ಮಂಡಿಯ ಗೇಟಿನ ಹೊರಗೆ ಗೋಣಿತಾಟು ಹಾಸಿ ಕೂತು ಎರಡು ಮಂಕರಿ ಬದನೆಕಾಯಿ ಮಾರಿ ಹೋದ ಹೆಂಗಸಿನ ಹೆಸರು ನನ್ನ ಯಾವ ಪುಟದಲ್ಲೂ ಇಲ್ಲ. ಆ ವ್ಯಾಪಾರ ನಡೆದಿಲ್ಲ ಎಂದು ಇದರಿಂದ ತೀರ್ಮಾನಿಸಲಾದೀತೆ?

ಆ ಹೆಂಗಸನ್ನು ಹುಡುಕಿದವರು ಪುರಾತತ್ತ್ವದವರು. ಅದೂ ಕಸದಲ್ಲಿ. ಮೈಕೆಲ್ ಸ್ಮಿತ್ ಎಂಬ ವಿದ್ವಾಂಸ 1980ರ ದಶಕದಲ್ಲಿ ಮೊರೆಲೋಸ್ ಪ್ರಾಂತ್ಯದ ಕಪಿಲ್ಕೊ, ಕ್ವೆಶ್ಕೊಮಾತೆ ಎಂಬ ಹಳ್ಳಿಗಳಲ್ಲಿ ಗುಡಿ ಗೋಪುರ ಬಿಟ್ಟು ರೈತರ ಮನೆಯ ತಿಪ್ಪೆ ಅಗೆದರು. ಬಡ ಮನೆಗಳಲ್ಲೂ ದೂರದ ಊರಿನ ಬಣ್ಣದ ಮಡಕೆ ಚೂರು ಇತ್ತು, ಪಚೂಕಾ ಬೆಟ್ಟದ ಹಸಿರು ಅಬ್ಸಿಡಿಯನ್ ಇತ್ತು. ಅಬ್ಸಿಡಿಯನ್ ಎಂದರೆ ಜ್ವಾಲಾಮುಖಿಯ ಗಾಜು, ಕಬ್ಬಿಣವಿಲ್ಲದ ಆ ನಾಡಿಗೆ ಅದೇ ಕುಡುಗೋಲು, ಅದೇ ಈಳಿಗೆಮಣೆ. ರಾಜನೇ ಹಂಚಿದ್ದರೆ ದೊಡ್ಡ ಮನೆಗೆ ಹೆಚ್ಚು, ಚಿಕ್ಕ ಮನೆಗೆ ಇಲ್ಲ ಎನ್ನುವ ಹಾಗಿರಬೇಕಿತ್ತು. ಎಲ್ಲರ ತಿಪ್ಪೆಯಲ್ಲೂ ಇದೆ ಎಂದರೆ ಎಲ್ಲರೂ ಸಂತೆಗೆ ಹೋಗಿ ಕೊಂಡಿದ್ದಾರೆ.

ಎಲ್ ಸಾಲ್ವಡಾರಿನ ಸೆರೆನ್ ಹಳ್ಳಿಯ ಕತೆ ಇನ್ನೂ ಹತ್ತಿರದ್ದು. ಕ್ರಿ.ಶ. 600ರ ಸುಮಾರಿಗೆ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದು ಊರು ಬೂದಿಯಲ್ಲಿ ಹೂತುಹೋಯಿತು. 1976ರಲ್ಲಿ ನೆಲ ಸಮ ಮಾಡುತ್ತಿದ್ದ ಬುಲ್ಡೋಜರಿಗೆ ಅದು ಎದುರಾಯಿತು. ಆಮೇಲೆ ಪೇಸನ್ ಶೀಟ್ಸ್ ತಂಡ ಅಗೆದಾಗ ಹೆಣಗಳು ಸಿಗಲಿಲ್ಲ, ಜನ ಓಡಿಹೋಗಿದ್ದರು. ಸಿಕ್ಕಿದ್ದು ಮಡಕೆ ತುಂಬ ಹುರುಳಿಕಾಯಿಯ ಬೀಜ, ತೊಲೆಗೆ ನೇತುಹಾಕಿದ ಮೆಣಸಿನಕಾಯಿ, ಮಕ್ಕಳ ಕೈಗೆ ಎಟುಕದಂತೆ ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿದ ಅಬ್ಸಿಡಿಯನ್ ಅಲಗು, ಹೊಲದಲ್ಲಿ ನಿಂತ ಮುಸುಕಿನ ಜೋಳದ ಸಾಲು. ಒಂದು ಮನೆಯ ಹಿತ್ತಿಲಿನಲ್ಲಿ ಎಪ್ಪತ್ತರ ಆಸುಪಾಸು ಕತ್ತಾಳೆ ಗಿಡ. ಒಂದು ಸಂಸಾರಕ್ಕೆ ಬೇಕಾದ ಹಗ್ಗಕ್ಕೆ ಅಷ್ಟು ಬೇಡ. ಅವರು ನಾರು ಮಾರುತ್ತಿದ್ದರು. ಅದೇ ಕುಲದ ಗಿಡ ಗೌರಿಬಿದನೂರಿನ ದಾರಿಯ ಬೇಲಿಗಳಲ್ಲಿ ನಿಂತಿದೆ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಂದಿಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ನಮ್ಮಲ್ಲಿ ಬರಹಕ್ಕೆ ಬರವಿಲ್ಲ. ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಯ ಮಾತು ಕ್ರಿ.ಶ. 806ರ ಸುಮಾರಿನ ತಾಮ್ರಶಾಸನದಲ್ಲೇ ಇದೆ, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು. ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ. ಆಮೇಲೆ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈ ಸೇರಿಸಿದರು. ಬಿ.ಎಲ್. ರೈಸ್ 1905ರಲ್ಲಿ ಅಚ್ಚು ಹಾಕಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ ಅಂದಿನ ಕೋಲಾರ ಜಿಲ್ಲೆಯದು, ನಮ್ಮ ಕಡೆಯ ತಾಲೂಕುಗಳೂ ಅದರಲ್ಲಿವೆ. ಯಾರು ಯಾವ ದೇವರಿಗೆ ಎಷ್ಟು ಖಂಡುಗ ಗದ್ದೆ ಬಿಟ್ಟರು, ಯಾವ ಕೆರೆ ಕಟ್ಟಿಸಿದರು, ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ ವೀರ ಯಾರು, ಇಂಥವನ್ನೆಲ್ಲ ಕಲ್ಲು ಹೇಳುತ್ತದೆ. ಕಲ್ಲು ಹಾಕಿಸಿದವರಿಗೆ ಬೇಕಾದದ್ದು ಅದೇ. ವಾರದ ಸಂತೆಯಲ್ಲಿ ಮಡಕೆಗೆ ಎಷ್ಟು ರಾಗಿ ಕೊಟ್ಟರು ಎನ್ನುವುದು ಯಾರ ಪುಣ್ಯಕ್ಕೂ ಸೇರದ ವಿಷಯ. ಕಲ್ಲಿನಲ್ಲಿ ಇಷ್ಟೆಲ್ಲ ಓದಲು ಸಿಗುವುದರಿಂದಲೇ ನಾವು ತಿಪ್ಪೆಯ ಕಡೆ ನೋಡುವುದು ಕಡಿಮೆ ಎಂದು ನನ್ನ ಅನುಮಾನ.

ಕಲ್ಲನ್ನು ಮಾತ್ರ ನೋಡಿದರೆ ಆಗುವ ಎಡವಟ್ಟಿಗೆ ಸೋಮನಾಥಪುರ ಸಾಕ್ಷಿ. ಅಲ್ಲಿನ 13ನೇ ಶತಮಾನದ ಕೇಶವ ದೇವಾಲಯದ ಮೂರ್ತಿಗಳ ಕೈಯಲ್ಲಿ ತೆನೆಯಂಥ ವಸ್ತುವಿದೆ, ಮೈತುಂಬ ಕಾಳು ಜೋಡಿಸಿದ ಹಾಗೆ. ಅದು ಮುಸುಕಿನ ಜೋಳವೇ, ಕೊಲಂಬಸನಿಗಿಂತ ಮೊದಲೇ ಅಮೆರಿಕದಿಂದ ಇಲ್ಲಿಗೆ ಬಂದಿತ್ತು ಎಂದು ಕಾರ್ಲ್ ಜೊಹಾನ್ಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ವಾದಿಸಿದರು. ಜೋಳದ ಮೇಲೇ ಕೆಲಸ ಮಾಡಿದ ನಮ್ಮ ಪಾಯಕ್ ಮತ್ತು ಸಚಾನ್ ಒಪ್ಪಲಿಲ್ಲ. ಅದು ಮುತ್ತು ಕೆತ್ತಿದ ಮುಕ್ತಾಫಲ ಎಂದು 1993ರಲ್ಲಿ ಉತ್ತರ ಬರೆದರು. ಈಗಲೂ ಜಾತ್ರೆಯಲ್ಲಿ ಸಿಕ್ಕ ನೆಂಟರ ಹುಡುಗ ಮೊಬೈಲು ಹಿಡಿದು ಕೇಳುತ್ತಾನೆ: "ಮಾಮ, ಹೊಯ್ಸಳರು ಅಮೆರಿಕಾಗೆ ಹೋಗಿದ್ರಂತೆ, ನೋಡಿದ್ರಾ?"

ಅವನಿಗೆ ನಾನು ಹೇಳುವುದು ಇಷ್ಟು. ಮೂರ್ತಿಯ ಕೈ ಬಿಡು, ಅಡುಗೆಮನೆಯ ಬೂದಿ ತೋರಿಸು. ಮುಸುಕಿನ ಜೋಳ ತಿಂದ ಊರಿನಲ್ಲಿ ದಿಂಡು ಉಳಿಯುತ್ತದೆ. ಮೆಕ್ಸಿಕೊದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಹೆಬ್ಬೆರಳಿಗಿಂತ ಚಿಕ್ಕ ದಿಂಡುಗಳು ಸುಮಾರು 6,250 ವರ್ಷ ಉಳಿದಿವೆ. ಬಾಲ್ಸಾಸ್ ಕಣಿವೆಯಲ್ಲಿ ಸುಮಾರು 8,700 ವರ್ಷದ ಹಿಂದಿನ ಅರೆಯುವ ಕಲ್ಲಿನ ಸಂದಿಯಲ್ಲಿ ಜೋಳದ ಪಿಷ್ಟದ ಕಣ ಸಿಕ್ಕಿದೆ. ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಡೋರಿಯನ್ ಫುಲ್ಲರ್, ರವಿ ಕೊರಿಸೆಟ್ಟರ್ ಮುಂತಾದವರು ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರಿನಂಥ ಕಡೆ ಮಣ್ಣನ್ನು ನೀರಿಗೆ ಹಾಕಿ, ತೇಲಿದ ಸುಟ್ಟ ಕಾಳು ಹೆಕ್ಕಿದರು. ಸಿಕ್ಕವು ಹುರುಳಿ, ಹೆಸರು, ಕೊರಲೆ. ಹೊಯ್ಸಳರ ಕಾಲದ ಪದರದಿಂದ ಒಂದು ದಿಂಡು ಬಂದ ದಿನ ನಾನು ಆ ಹುಡುಗನ ಪಕ್ಷ. ಅಲ್ಲಿಯ ತನಕ ಅದು ಮುತ್ತೇ.

ಹುಡುಗ ಸಿಕ್ಕ ಜಾತ್ರೆಯೂ ಒಂದು ಸಾಕ್ಷಿಯೇ. ಶಿವರಾತ್ರಿಗೆ ನಂದಿಯಲ್ಲಿ ದನಗಳು ಸೇರುತ್ತವೆ. ಜೋಡಿ ಎತ್ತುಗಳ ಹಲ್ಲು ನೋಡುತ್ತಾರೆ, ಚೌಕಾಸಿ ತೆಲುಗಿನಲ್ಲಿ, ಚೀಟಿ ಕನ್ನಡದಲ್ಲಿ. ತ್ಲಾತೆಲೊಲ್ಕೊದಲ್ಲಿ ಇದೊಂದು ಇರಲಿಲ್ಲ. ಎತ್ತಿಲ್ಲ, ಕತ್ತೆಯಿಲ್ಲ, ಗಾಡಿಯಿಲ್ಲ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊರುವ ಹಮಾಲಿಗಳೇ ಎಲ್ಲ. ಒಬ್ಬ ಸುಮಾರು 23 ಕಿಲೋ ಹೊತ್ತು ದಿನಕ್ಕೆ ಐದು ಹರದಾರಿ ನಡೆಯುತ್ತಿದ್ದ ಎಂದು ಕೊರ್ತೆಸನ ಜೊತೆಗಿದ್ದ ಸಿಪಾಯಿ ಬೆರ್ನಾಲ್ ದಿಯಾಸ್ ಬರೆದಿದ್ದಾನೆ. ಹಾಗಾಗಿ ಕಾಳು ಬಹಳ ದೂರ ಹೋಗುವಂತಿರಲಿಲ್ಲ, ಹೊತ್ತವನೇ ತಿಂದು ಮುಗಿಸುತ್ತಾನೆ. ಗರಿ, ಕೊಕೊ, ಬಟ್ಟೆ, ಅಬ್ಸಿಡಿಯನ್ ದೂರ ಹೋದವು.

ಸಂತೆಯ ಗುರುತನ್ನು ಮಣ್ಣಿನಲ್ಲೇ ಹುಡುಕಿದವರೂ ಇದ್ದಾರೆ. ಮೆಕ್ಸಿಕೊದ ಯುಕಾತಾನಿನಲ್ಲಿ ಚುಂಚುಕ್ಮಿಲ್ ಎಂಬ ಮಾಯಾ ನಗರವಿತ್ತು. ಸುತ್ತಲಿನ ಬಡ ನೆಲ ಅಷ್ಟು ಜನರಿಗೆ ಅನ್ನ ಕೊಡುವ ಹಾಗಿರಲಿಲ್ಲ, ಹಾಗಾದರೆ ಸಂತೆ ಇರಲೇಬೇಕು ಎಂದು ಬ್ರೂಸ್ ಡಾಲಿನ್ ತಂಡ ಊಹಿಸಿತು. ಊರ ನಡುವಿನ ಖಾಲಿ ಬಯಲಿನ ಮಣ್ಣು ತೆಗೆದು ರಂಜಕದ ಅಂಶ ಅಳೆದರು. ತರಕಾರಿ, ಮಾಂಸ ಕೊಳೆತ ಕಡೆ ರಂಜಕ ನೆಲದಲ್ಲೇ ನಿಲ್ಲುತ್ತದೆ. ಅಲ್ಲಿ ಅದು ಸಾಲುಸಾಲಾಗಿ, ಅಂಗಡಿ ಹಾಕಿದಂತೆ ಕಂಡಿತು. ತಾಳೆ ನೋಡಲು ಅವರು ಗ್ವಾಟೆಮಾಲಾದ ಆಂಟಿಗುವಾದಲ್ಲಿ ಆಗ ಮಣ್ಣಿನ ನೆಲದ ಮೇಲೆ ನಡೆಯುತ್ತಿದ್ದ ಸಂತೆಯ ಮಣ್ಣನ್ನೂ ಪರೀಕ್ಷಿಸಿದರು, ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು.

ಇಂಥ ಮಣ್ಣಿನ ಮಾಳ ನಮ್ಮಲ್ಲೂ ಇವೆ. ಹಳೆಯ ಸಂತೆಗಳು ಎಲ್ಲಿ ಕೂಡುತ್ತಿದ್ದವು ಎಂದು ತೋರಿಸುವ ಮುದುಕರೂ ಇದ್ದಾರೆ. ಯಾರಾದರೂ ಮಣ್ಣು ತೆಗೆಯಲು ಬಂದರೆ ಹೂವಿನವರ ಸಾಲು, ಮಡಕೆಯವರ ಸಾಲು, ಮೀನಿನವರ ಮೂಲೆ ಇವನ್ನೆಲ್ಲ ನಾನೇ ಗೀಟು ಹಾಕಿ ಕೊಡುತ್ತೇನೆ. ಒಂದು ತೊಡಕನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ದನ ಕಟ್ಟಿದ ಜಾಗವೆಲ್ಲ ಸಗಣಿ ಗಂಜಲದಿಂದ ರಂಜಕ ತುಂಬಿರುತ್ತದೆ, ತರಕಾರಿಯ ಗುರುತು ಅದರಡಿ ಅಳಿಸಿಹೋಗಿರುತ್ತದೆ. ಮಾಯಾ ಜನರ ಸಂತೆಯಲ್ಲಿ ಆ ತೊಂದರೆ ಇರಲಿಲ್ಲ. ನಂದಿಯಲ್ಲಿ ಮಾಡುವವರು ರಂಜಕವೊಂದನ್ನೇ ನಂಬದೆ ಬೇರೆ ಪರೀಕ್ಷೆಯನ್ನೂ ಜೊತೆಗೆ ತರಬೇಕು.